ನೀರು ಎಲ್ಲೀತನಕ ಬಂದಿತ್ತು?

ನಮ್ಮ ವಿಜಯಪುರ ಜಿಲ್ಲೆಯ ಹೊಳೆದಂಡೆಯ ಹಳ್ಳಿಗಳಲ್ಲಿ, ನೆರೆ ಇಳಿದ ಮೇಲೆ ಹೆಗಲಿಗೊಂದು ಚೀಲ ಹಾಕಿಕೊಂಡು ನಡೆದು ಬರುವವನು ಮೂವರಲ್ಲಿ ಒಬ್ಬನಾಗಿರಬೇಕು: ಪಂಚನಾಮೆ ಬರೆಯುವ ತಲಾಟಿ, ಪಂಚಾಯ್ತಿ ಚುನಾವಣೆಗೆ ನಿಲ್ಲುವ ಹುರಿಯಾಳು, ಇಲ್ಲವೇ ಆ ಊರಿನ ಬೀಗ. ತಲಾಟಿಯಾದರೆ ಕೈಹಿಡಿದು ಮನೆಯೊಳಗೆ ಕರೆದೊಯ್ಯುತ್ತಾರೆ. ಹುರಿಯಾಳಾದರೆ ಕಟ್ಟೆಯ ಮೇಲೆ ಕೂರಿಸಿ ಬಯ್ಯುತ್ತಾರೆ. ಬೀಗನಾದರೆ ಇದ್ದ ಒಂದೇ ಒಣ ಕೌದಿಯನ್ನು ಅವನಿಗೆ ಹಾಸುತ್ತಾರೆ. ಈ ಮೂರೂ ಅಲ್ಲದೆ ‘ಸುಮ್ಮನೆ ಊರು ನೋಡಲು ಬಂದೆ’ ಎನ್ನುವವನನ್ನು ಏನು ಮಾಡಬೇಕೆಂಬ ಪದ್ಧತಿ ಅಲ್ಲಿ ಇನ್ನೂ ಬೆಳೆದಿಲ್ಲ. 2020ರ ಅಕ್ಟೋಬರ್ ಕೊನೆಯಲ್ಲಿ ಇಂಡಿ, ಸಿಂದಗಿ ಕಡೆಯ ಭೀಮಾ ದಂಡೆಯಲ್ಲಿ ನಾನು ಆ ನಾಲ್ಕನೆಯ ಬಗೆಯವನಾಗಿ ಓಡಾಡುತ್ತಿದ್ದೆ. ಕೊರೊನಾ ಕಾಲ ಬೇರೆ. ಮೂಗು ಬಾಯಿ ಮುಚ್ಚಿಕೊಂಡವರಲ್ಲಿ ಸಾಹೇಬರು ಯಾರು, ಸಾದಾ ಮನುಷ್ಯ ಯಾರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಹೀಗಾಗಿ ನನ್ನ ಜೇಬಿನ ಪೆನ್ನು ನೋಡಿದವರೆಲ್ಲ ನನ್ನನ್ನು ತಲಾಟಿ ಎಂದೇ ತೀರ್ಮಾನಿಸಿದರು.

ನನಗೆ ಹಳೆಯ ಕಲ್ಲು ನೋಡುವ ಹುಚ್ಚು. ವಿಜಯಪುರ ಎಂದರೆ ಹೊರಗಿನವರಿಗೆ ಗೋಳಗುಮ್ಮಟ, ಇಬ್ರಾಹಿಂ ರೋಜಾ; ಟಿಕೇಟು ತೆಗೆದು, ಪಿಸುಮಾತು ಕೇಳಿ, ಟಾಂಗಾ ಹತ್ತಿ ಹೋಗಿಬಿಡುತ್ತಾರೆ. ಜಿಲ್ಲೆಯ ಉಳಿದ ಚರಿತ್ರೆಗೆ ಟಿಕೇಟೂ ಇಲ್ಲ, ಟಾಂಗಾವೂ ಇಲ್ಲ. ಇಂಡಿಯ ಹತ್ತಿರದ ಸಾಲೋಟಗಿ, ಮುದ್ದೇಬಿಹಾಳ ಸೀಮೆಯ ತಾಳಿಕೋಟಿ ಮತ್ತು ತಂಗಡಗಿ, ಬಸವನ ಬಾಗೇವಾಡಿ, ಅದರ ಪಕ್ಕದ ಇಂಗಳೇಶ್ವರ, ಮಧುರಚೆನ್ನರ ಹಲಸಂಗಿ: ಇವನ್ನೆಲ್ಲ ನೋಡಬೇಕಾದರೆ ಬಸ್ಸು ಇಳಿಸಿದ ಕ್ರಾಸಿನಿಂದ ಕಾಲು ಎಳೆಯಲೇಬೇಕು. ಮಳೆಗಾಲ ಮುಗಿದು ಜೋಳ ಚಿಗುರುವ ಹೊತ್ತು ಇದಕ್ಕೆ ಒಳ್ಳೆಯದು. ಆ ವರ್ಷ ಮಾತ್ರ ಮಳೆಗಾಲ ಮುಗಿಯಲಿಲ್ಲ.

ಅಕ್ಟೋಬರ್ 13ರ ಬೆಳಗ್ಗೆ ಬಂಗಾಳ ಕೊಲ್ಲಿಯಲ್ಲೆದ್ದ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಹತ್ತಿತು. ಸಮುದ್ರದಲ್ಲಿ ಹುಟ್ಟಿದ ಗಾಳಿಮಳೆ ನೆಲ ಮುಟ್ಟಿದ ಮೇಲೆ ಸೊರಗಬೇಕು. ಇದು ಸೊರಗುತ್ತಲೇ ಪಡುವಣಕ್ಕೆ ನಡೆಯಿತು. ಆ ರಾತ್ರಿ ಹೈದರಾಬಾದಿನ ಓಣಿಗಳನ್ನು ಮುಳುಗಿಸಿ, ಮರುದಿನ ಕಲಬುರಗಿ, ವಿಜಯಪುರ, ಸೊಲ್ಲಾಪುರಗಳ ಮೇಲೆ ಸುರಿದು, ಕೊನೆಗೆ ಅರಬ್ಬೀ ಸಮುದ್ರ ಸೇರಿತು. ಎರಡು ಸಮುದ್ರಗಳಿಂದಲೂ ದೂರವಿರುವ, ಸಮುದ್ರ ನೋಡದೆಯೇ ಎಷ್ಟೋ ತಲೆಮಾರು ಕಳೆದುಹೋದ ಸೀಮೆ ನಮ್ಮದು. ನಮ್ಮ ಮೇಲೆ ಹಾದುಹೋಗುವ ದರ್ದು ಅದಕ್ಕೇನಿತ್ತೋ!

ಆದರೆ ನಮ್ಮ ಊರುಗಳನ್ನು ಮುಳುಗಿಸಿದ್ದು ನಮ್ಮ ಮೇಲೆ ಬಿದ್ದ ಮಳೆಯಷ್ಟೇ ಆಗಿರಲಿಲ್ಲ. ಭೀಮೆ 861 ಕಿಲೋಮೀಟರಿನ ನದಿ. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯಾಗಿ ವಿಠೋಬನ ಮುಂದೆ ಬಾಗಿ, ಆಮೇಲೆ ಇಂಡಿ, ಸಿಂದಗಿ ಸೀಮೆಯ ಬಡಗಣ ಗಡಿಯಾಗುತ್ತಾಳೆ. ಪಂಢರಪುರಕ್ಕೂ ಮೇಲೆ ಉಜನಿ ಜಲಾಶಯವಿದೆ. ಆ ಅಕ್ಟೋಬರಿನಲ್ಲಿ ಅದು ಮೊದಲೇ ತುಂಬಿತ್ತು. ಮೇಲಿನಿಂದ ಬಂದದ್ದನ್ನೆಲ್ಲ ಕೆಳಕ್ಕೆ ಬಿಡದೆ ಗತಿಯಿರಲಿಲ್ಲ. ಬಿಟ್ಟ ನೀರು ನಮ್ಮ ದಂಡೆಗೆ ಬರುವ ಹೊತ್ತಿಗೆ ಮಳೆ ನಿಂತಿತ್ತು, ಬಿಸಿಲು ಬಿದ್ದಿತ್ತು, ಹೆಂಗಸರು ಹೊದಿಕೆ ಒಣಹಾಕಿದ್ದರು. ಶುಭ್ರ ಆಕಾಶದ ಕೆಳಗೆ ಹೊಳೆ ಊರೊಳಕ್ಕೆ ಬಂತು. ಆಕಾಶ ನೋಡಿ ಬದುಕಿದ ಜನಕ್ಕೆ ಇದಕ್ಕಿಂತ ದೊಡ್ಡ ಮೋಸವಿಲ್ಲ. 1791ರ ಡೋಗಿ ಬರದಿಂದ ಇತ್ತೀಚಿನ ಟ್ಯಾಂಕರುಗಳವರೆಗೆ ಈ ಜಿಲ್ಲೆ ನೀರು ಬಾರದ ಕತೆಯನ್ನೇ ಹೇಳುತ್ತ ಬಂದಿದೆ. ಬಾಗಲಕೋಟೆ 1997ರಲ್ಲಿ ಬೇರೆಯಾಗುವ ತನಕ ಐದು ಹೊಳೆಗಳ ಜಿಲ್ಲೆ ಎಂದು ಕೊಚ್ಚಿಕೊಳ್ಳುತ್ತ, ಕೊಡ ಹಿಡಿದು ಸಾಲಿನಲ್ಲಿ ನಿಂತವರು ನಾವು. ನೀರು ಹೆಚ್ಚಾದರೂ ನಮ್ಮವರು ಅದನ್ನು ಬರ ಎಂದೇ ಕರೆಯುತ್ತಾರೆ: ಹಸಿ ಬರ.

ಹೊಳೆ ಹೀಗೆ ಬಂದಾಗ ಅದನ್ನು ನೋಡಲು ನಾನಾ ದಾರಿಗಳಿವೆ. ಅಕ್ಟೋಬರ್ 21ರಂದು ಆಗಿನ ಮುಖ್ಯಮಂತ್ರಿಗಳು ಹೆಲಿಕಾಪ್ಟರಿನಿಂದ ನೋಡಿದರು. ಅಷ್ಟು ಅಗಲ ಹರಡಿದ ನೀರನ್ನು ಒಂದೇ ನೋಟದಲ್ಲಿ ಹಿಡಿಯಲು ಬೇರೆ ಉಪಾಯವೂ ಇಲ್ಲ. ಮೇಲಿನಿಂದ ನೀರು ಕಾಣುತ್ತದೆ, ಜೀಪಿನಿಂದ ರಸ್ತೆ ಕಾಣುತ್ತದೆ. ನೆಲದ ಏರಿಳಿತ ತಿಳಿಯಬೇಕಾದರೆ ಮಾತ್ರ ನಡೆಯಬೇಕು. ಈ ಮಾತನ್ನು ನಾನು ಮುಂದೆ ಬಿಡಿಸಿ ಹೇಳುತ್ತೇನೆ. ಅದಕ್ಕೆ ಮೊದಲು ಎರಿ ಮಣ್ಣಿನಲ್ಲಿ ನಡೆಯುವುದೆಂದರೇನು ಎಂದು ಹೇಳಬೇಕು.

ಎರಿ ಭೂಮಿ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಯಲ್ಲಿ ಅದೇ ಬಾಯಿಂದ ಕಾಲನ್ನು ಹಿಡಿಯುತ್ತದೆ. ಮೊದಲ ಹೆಜ್ಜೆಗೆ ಚಪ್ಪಲಿಗೆ ಒಂದು ಪದರ, ಎರಡನೆಯದಕ್ಕೆ ಇನ್ನೊಂದು. ಹತ್ತು ಹೆಜ್ಜೆಯೊಳಗೆ ನಾನು ಗೇಣು ಎತ್ತರವಾಗಿದ್ದೆ, ಹುಟ್ಟಿದಾಗಿನಿಂದ ಇಲ್ಲದ ಎತ್ತರ. ಇನ್ನು ಹತ್ತು ಹೆಜ್ಜೆಗೆ ಎಡಗಾಲಿನ ಚಪ್ಪಲಿ ಭೂಮಿಯ ಪಾಲಾಯಿತು. ಬದುವಿನ ಮೇಲೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹುಡುಗ ನನ್ನ ಕುಣಿತವನ್ನು ಸ್ವಲ್ಪ ಹೊತ್ತು ನೋಡಿ, “ಸರ್, ಚಪ್ಪಲ್ ಕೈಯಾಗ ಹಿಡೀರಿ. ಬರಿಗಾಲಿಗೆ ಹತ್ತಂಗಿಲ್ಲ” ಎಂದ. ಬರಿಗಾಲಿಗೂ ಹತ್ತಿತು, ಆದರೆ ಬಿಟ್ಟುಕೊಟ್ಟಿತು. ಅಲ್ಲಿಂದ ಮುಂದೆ ಭೀಮಾ ದಂಡೆಯ ಚರಿತ್ರೆಯನ್ನು ನಾನು ಬರಿಗಾಲಲ್ಲೇ ನೋಡಿದ್ದು.

ಸಾಲೋಟಗಿಯಲ್ಲಿ ಈ ಕಷ್ಟವಿಲ್ಲ. ಇಂಡಿಯಿಂದ ಅಲ್ಲಿಗೆ ರಸ್ತೆಯಿದೆ, ದಾರಿಯುದ್ದಕ್ಕೂ ನಿಂಬೆ ತೋಟಗಳಿವೆ; ಇಂಡಿಯ ನಿಂಬೆಗೆ ಈಗ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಊರಿನ ಹಳೆಯ ಹೆಸರು ಪಾವಿಟ್ಟಗೆ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದಾಗ, ಅವನ ಮಂತ್ರಿ ನಾರಾಯಣ ಇಲ್ಲಿ ತ್ರಯೀಪುರುಷರ ಗುಡಿಯನ್ನೂ ಅದಕ್ಕೆ ಹೊಂದಿದ ಶಾಲೆಯನ್ನೂ ಕಟ್ಟಿಸಿದ. ದೂರದ ನಾಡುಗಳಿಂದ ಓದಲು ಬಂದವರಿಗೆ 27 ವಸತಿಗಳಿದ್ದವೆಂದು ಶಾಸನ ಹೇಳುತ್ತದೆ. ದೀಪದ ಎಣ್ಣೆಗೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಊರವರೂ ಕೈ ಕಟ್ಟಿ ಕೂತಿರಲಿಲ್ಲ. ತಮ್ಮ ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಮುಂಜಿಯಾದರೆ ಅದರ ಅರ್ಧ, ಚೌಲವಾದರೆ ಆ ಅರ್ಧದ ಅರ್ಧ ಶಾಲೆಗೆ ಕೊಡುವುದೆಂದು ಒಪ್ಪಿ ಕಲ್ಲಿನಲ್ಲಿ ಬರೆಸಿದರು. ಸಾವಿರ ವರ್ಷದ ಹಿಂದಿನ ವಂತಿಗೆ ಪಟ್ಟಿ ಇದು.

ಈ ಶಾಸನದ ಮಾತನ್ನು ತಲೆಯಲ್ಲಿಟ್ಟುಕೊಂಡು ಹೊಳೆಯ ಕಡೆಗೆ ಹೋದರೆ ಶಾಲೆಗಳ ತುಂಬ ಜನ. ಕೊರೊನಾದಿಂದ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ಮಕ್ಕಳಿಗೆ ತೆರೆಯುವ ಮೊದಲೇ ಅವರ ಅಜ್ಜ ಅಜ್ಜಿಯರಿಗೆ ತೆರೆದುಕೊಂಡಿದ್ದವು. ಸರ್ಕಾರಿ ಕಾಗದದಲ್ಲಿ ಅದು ‘ಕಾಳಜಿ ಕೇಂದ್ರ’, ಜನರ ಬಾಯಲ್ಲಿ ಗಂಜಿ ಕೇಂದ್ರ. ನಾನು ಕಂಡ ಒಂದರಲ್ಲಿ ಮಗ್ಗಿ ಬರೆದ ಗೋಡೆಯ ಕೆಳಗೆ ಸಾಲಾಗಿ ಟ್ರಂಕುಗಳು, ಕರಿಹಲಗೆಗೆ ಒರಗಿಸಿದ ಹಾಸಿಗೆ, ಬಿಸಿಯೂಟದ ಒಲೆಯ ಮೇಲೆ ದೊಡ್ಡ ಪಾತೇಲಿ. ಕರೆಂಟು ಹೋಗಿ ದಿನಗಳಾಗಿದ್ದವು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ವಾಯರ್ ಎಳೆದು ಮೊಬೈಲು ಚಾರ್ಜ್ ಮಾಡಿಕೊಳ್ಳಲು ಪಾಳಿ ಹಚ್ಚಿದ್ದರು. ದೀಪಕ್ಕೆ ಬೇರೆಯೇ ಭೂಮಿ ಬರೆದಿಟ್ಟ ಆ ನಾರಾಯಣನ ಮುಂದಾಲೋಚನೆಯ ಬೆಲೆ ನನಗೆ ಅಲ್ಲಿ ಗೊತ್ತಾಯಿತು.

ಅಲ್ಲಿಂದ ಒಂದು ಊರೊಳಗೆ ಇಳಿದೆ. ಅದರ ಹೆಸರು ಇಲ್ಲಿ ಬೇಡ. ಅಗಸಿ ದಾಟಿದ್ದೇ ತಡ, “ಸಾಹೇಬ್ರು ಬಂದ್ರು” ಎಂಬ ಸುದ್ದಿ ನನಗಿಂತ ಮುಂದೆ ಓಡಿತು. ನಾನು ತಲಾಟಿ ಅಲ್ಲ ಎಂದೆ. “ಇರಲಿ ಬಿಡ್ರಿ, ಬರ್ಕೋರಿ” ಎಂದರು. ಬರೆದುಕೊಂಡರೆ ಏನೂ ಬರುವುದಿಲ್ಲ ಎಂದೆ. “ಬರ್ಕೊಂಡವ್ರಿಂದ್ಲೂ ಬಂದಿಲ್ಲ, ನೀವೂ ಬರ್ಕೋರಿ” ಎಂದಳೊಬ್ಬ ಹಿರಿಯಳು. ಈ ತರ್ಕಕ್ಕೆ ಉತ್ತರವಿಲ್ಲ. ನಾನು ಪೆನ್ನು ತೆಗೆದೆ.

ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು. ಪೂರ್ತಿ ಬಿದ್ದರೆ ಎ, ಐದು ಲಕ್ಷ ರೂಪಾಯಿ. ಅಷ್ಟಿಷ್ಟು ಬಿದ್ದರೆ ಬಿ. ಬಿರುಕು ಬಿಟ್ಟರೆ ಸಿ. ಪರೀಕ್ಷೆಯ ಫಲಿತಾಂಶ ಬಂದ ದಿನದ ಮಕ್ಕಳಂತೆ ಓಣಿಯವರೆಲ್ಲ ಒಬ್ಬರ ದರ್ಜೆಯನ್ನು ಇನ್ನೊಬ್ಬರ ದರ್ಜೆಗೆ ಹೋಲಿಸುತ್ತಿದ್ದರು. ಸಿ ಬಂದವನ ಮುಖದಲ್ಲಿ ಎ ಬಂದವನ ಮೇಲೆ ಹೊಟ್ಟೆಕಿಚ್ಚು. ಎ ಬಂದವನಿಗೆ ಕೂರಲು ಜಾಗವಿಲ್ಲ. ತಮಾಷೆಯೆಂದರೆ ಮಣ್ಣಿನ ಮನೆಯ ದರ್ಜೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ನಮ್ಮ ಕಡೆಯ ಮನೆ ದಪ್ಪ ಮಣ್ಣುಗೋಡೆಯದು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು ಮೆತ್ತಿದ ಮಾಳಿಗೆ. ನೀರಿನಲ್ಲಿ ನಿಂತಾಗ ಗೋಡೆ ಹಾಗೋ ಹೀಗೋ ನಿಂತಿರುತ್ತದೆ. ನೀರಿಳಿದು ಬಿಸಿಲು ಹತ್ತಿ ಮಣ್ಣು ಬಿಗಿಯತೊಡಗಿದಾಗ ಬಾಯಿಬಿಟ್ಟು ಕುಸಿಯುತ್ತದೆ. ಸೋಮವಾರ ಸಿ ಎಂದು ಬರೆಸಿಕೊಂಡದ್ದು ಗುರುವಾರ ತಾನಾಗಿಯೇ ಎ ಆಗಿರುತ್ತದೆ. ಕಾಗದದಲ್ಲಿ ಮಾತ್ರ ಸಿ. ಹೀಗಾಗಿ ಬಿಸಿಲಿಗೆ ಹುಟ್ಟಿ ಬಿಸಿಲಿಗೆ ಬೆಳೆದ ಈ ಜನ ಆ ವಾರ ಬಿಸಿಲಿಗೇ ಹೆದರುತ್ತಿದ್ದರು.

ನಾನು ನೋಡಲು ಹೋದವನು. ನೋಡಿಸುವ ಕೆಲಸವನ್ನು ಅವರು ಕೈಗೆತ್ತಿಕೊಂಡರು. ಹಿರಿಯಳು ತನ್ನ ಮನೆಯನ್ನು ಪಡಸಾಲೆಯಿಂದ ಹಿತ್ತಲಿನವರೆಗೆ ತೋರಿಸಿದಳು. ಇದು ದಂದಕ್ಕಿ, ಎತ್ತು ಇಲ್ಲಿ ಕಟ್ಟುತ್ತಿದ್ದದ್ದು, ಮೊದಲು ಅವನ್ನೇ ಬಿಚ್ಚಿಬಿಟ್ಟೆವು. ಇದು ಹಗೇವಿನ ಬಾಯಿ. ನೆಲದೊಳಗೆ ವರ್ಷಗಟ್ಟಲೆ ಜೋಳ ಕೆಡದೆ ಇರುತ್ತದೆ, ನೀರು ಹೊಕ್ಕರೆ ಒಂದೇ ರಾತ್ರಿಗೆ ಹುಳಿ. ಹಗೇವು ಈಗ ಎಲ್ಲರ ಮನೆಯಲ್ಲೂ ಇಲ್ಲ. ಇದ್ದವರಿಗೆ ಆ ವರ್ಷ ಇಲ್ಲದವರೇ ಜಾಣರಾಗಿ ಕಂಡರು. ಮೂಲೆಯಲ್ಲಿ ಬೀಸುವ ಕಲ್ಲು ಇದ್ದಲ್ಲೇ ಇತ್ತು, ಒಳಕಲ್ಲು ಅಲುಗಿರಲಿಲ್ಲ. ಹೋದದ್ದು ಕಾಗದ: ರೇಷನ್ ಕಾರ್ಡು, ಆಧಾರ್, ಮೊಮ್ಮಗಳ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡು, ಹೊಲದ ಉತಾರಿ. ಸಿಕ್ಕಷ್ಟನ್ನು ಗುಡಿಯ ಕಟ್ಟೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಹರಳು ಇಟ್ಟಿದ್ದರು. ಸಾವಿರ ವರ್ಷದ ಹಿಂದಿನ ಮಂತ್ರಿ ಕೊಟ್ಟ ಭೂಮಿಯ ಲೆಕ್ಕ ಕಲ್ಲಿನಲ್ಲಿ ಉಳಿದಿದೆ. ಈ ಮುದುಕಿಯ ಮೂರೆಕರೆಯ ಲೆಕ್ಕ ಒಣಗುತ್ತಿತ್ತು.

ಇನ್ನೊಂದು ಮನೆಯ ಬಿದ್ದ ಗೋಡೆಯ ಬುಡದಲ್ಲಿ ಕೆತ್ತಿದ ಕಲ್ಲೊಂದು ಇಣುಕುತ್ತಿತ್ತು. ಕೆಸರು ಒರೆಸಿದರೆ ಕುದುರೆಯ ಕಾಲು, ಅದರ ಮೇಲೊಬ್ಬ ಕತ್ತಿಯವನು. ವೀರಗಲ್ಲು! ನಾನು ಹುರುಪಿನಿಂದ ಫೋಟೋ ತೆಗೆಯಲು ಬಗ್ಗಿದಾಗ ಮನೆಯವನು ನನ್ನ ರಟ್ಟೆ ಹಿಡಿದು, “ಕಾಕಾ, ಇದನ್ನ ಮಾತ್ರ ಬರ್ಕೋಬ್ಯಾಡ್ರಿ. ಹಳೀ ಕಲ್ಲು ಅದ ಅಂತ ಸರ್ಕಾರಕ್ಕ ಗೊತ್ತಾದ್ರ ಇದ್ದ ಜಾಗಾನೂ ಹೋಗ್ತದ” ಎಂದು ಕಿವಿಯಲ್ಲಿ ಹೇಳಿದ. ಅವನ ಮಾತಿನಲ್ಲಿ ಹುರುಳಿತ್ತು. ಇದೇ ಭೀಮೆಯ ಕೆಳದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠಕ್ಕೆ ಹಾಕಿದ್ದ ಚಪ್ಪಡಿಯ ಮೇಲೆ ಅಶೋಕನ ಅಕ್ಷರಗಳು ಕಂಡವು. ಬೀಳದಿದ್ದರೆ ಅಶೋಕ ಸಿಗುತ್ತಿರಲಿಲ್ಲ. ಇತಿಹಾಸದವರಿಗೆ ಅದೊಂದು ಹಬ್ಬ. ಆದರೆ ಬಿದ್ದದ್ದು ಗುಡಿಯ ಮಾಡಾಗಿದ್ದರಿಂದ ಹಬ್ಬವಾಯಿತು. ಯಾರದೋ ಅಡುಗೆಮನೆಯಾಗಿದ್ದರೆ ಅಶೋಕ ಇನ್ನೂ ಸ್ವಲ್ಪ ಕಾಲ ಕಾಯಬೇಕಾಗಿತ್ತು. ನಾನು ಕ್ಯಾಮೆರಾ ಒಳಗಿಟ್ಟೆ. ಹೊಸ ಬುನಾದಿಯಲ್ಲಿ ಆ ವೀರ ಮತ್ತೆ ಮಣ್ಣೊಳಗೆ ಹೋಗಿರಬೇಕು. ಯುದ್ಧದಲ್ಲಿ ಸತ್ತವನಿಗೆ ಒಂದು ಸಂಸಾರದ ಭಾರ ಹೊರುವುದು ಅಗೌರವವೇನಲ್ಲ.

ಊರ ನಡುವೆ ಒಬ್ಬ ಅಜ್ಜ ಕೋಲಿನಿಂದ ಕೆಸರು ಕೆದರುತ್ತ ಕೂತಿದ್ದ. ಅವನು ನನ್ನನ್ನು ತಲಾಟಿ ಎಂದು ತಿಳಿಯಲಿಲ್ಲ. ತಲಾಟಿ ಬರಿಗಾಲಲ್ಲಿ ಬರುವುದಿಲ್ಲ ಎಂಬುದು ಅವನ ಅನುಭವ. “ಏನ್ ನೋಡಾಕ ಬಂದೀಯಪಾ?” ಎಂದ. ಹಳೆಯ ಗುಡಿ ಇದೆಯಂತಲ್ಲ ಎಂದೆ. “ಬಿದ್ದದ್ದು ನೋಡಾಂವಾದ್ರ ಇಲ್ಲೇ ಕೆಳಗ ಅಡ್ಡಾಡು. ನಿಂತದ್ದು ನೋಡಾಂವಾದ್ರ ಮ್ಯಾಲ ಹೋಗು, ಅಲ್ಲಿ ಅದ ಗುಡಿ.”

ಮೇಲೆ ಹೋದೆ. ಅದನ್ನು ಮೇಲೆ ಎಂದು ಕಣ್ಣು ಒಪ್ಪುವುದಿಲ್ಲ. ಬಯಲುಸೀಮೆಯ ನೆಲ, ಏರೆಂಬುದೇ ಇಲ್ಲ. ಆದರೆ ಕಾಲಿಗೆ ಗೊತ್ತಾಯಿತು. ಕೆಸರು ಮೊದಲು ಮೊಣಕಾಲಿನಿಂದ ಹರಡಿಗೆ ಇಳಿಯಿತು, ಆಮೇಲೆ ಹಿಮ್ಮಡಿಗೆ, ಗುಡಿಯ ಕಟ್ಟೆಯ ಹತ್ತಿರ ಒಣ ನೆಲ. ಕಟ್ಟೆಯ ಬುಡದಲ್ಲಿ ಕಸ, ಕಣಿಕೆ, ಒಂದು ಪ್ಲಾಸ್ಟಿಕ್ ಚಪ್ಪಲಿ ಸಾಲುಗಟ್ಟಿ ನಿಂತಿದ್ದವು. ನೀರು ಅಲ್ಲಿಯವರೆಗೆ ಬಂದು, ಆಣೆ ಹಾಕಿದ ಹಾಗೆ ನಿಂತು, ಹಿಂದಕ್ಕೆ ಹೋಗಿತ್ತು. ಕಟ್ಟಿದವನು ಹೊಳೆಯನ್ನು ಎಷ್ಟು ಸಲ ನೋಡಿ ಕಟ್ಟಿದ್ದನೋ! ಅದಾದ ಮೇಲೆ ದಂಡೆಯ ಊರುಗಳಲ್ಲಿ ನಾನು ಗುಡಿಗಳ ಕೆತ್ತನೆ ನೋಡುವುದನ್ನು ಬಿಟ್ಟು ಕಸದ ಸಾಲು ನೋಡತೊಡಗಿದೆ. ಹೆಚ್ಚುಕಡಿಮೆ ಎಲ್ಲ ಕಡೆಯೂ ಹಳೆಯ ಗುಡಿ, ಹಳೆಯ ವಾಡೆ, ಹುಡೇವು ಆ ಸಾಲಿನಿಂದ ಮೇಲಿದ್ದವು; ಆಮೇಲೆ ಬಂದವರ ಮನೆ, ಬಡವರ ಓಣಿ, ಶಾಲೆ, ಪಂಚಾಯ್ತಿ ಕಟ್ಟಡ ಕೆಳಗಿದ್ದವು. ಹಳೆಯದು ಗಟ್ಟಿಯಾದ್ದರಿಂದ ಉಳಿದಿದೆ ಎಂದು ನಾವು ಪುಸ್ತಕದಲ್ಲಿ ಬರೆಯುತ್ತೇವೆ. ಎತ್ತರದಲ್ಲಿದ್ದುದಕ್ಕೆ ಉಳಿದಿದೆ ಎಂದು ಬರೆದರೆ ಸತ್ಯಕ್ಕೆ ಹತ್ತಿರ.

ಇದು ನಮ್ಮ ಹಳ್ಳಿಗಳ ಮಾತಷ್ಟೇ ಅಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಡಿದು, ಒಡ್ಡುಗಳು ಒಡೆದು, ನಗರದ ನೂರಕ್ಕೆ ಎಂಬತ್ತು ಭಾಗ ಮುಳುಗಿತು. 1718ರಲ್ಲಿ ಫ್ರೆಂಚರು ಮೊದಲು ಊರು ಕಟ್ಟಿದ ಭಾಗ ಮಾತ್ರ ಬಹುಮಟ್ಟಿಗೆ ಒಣಗಿಯೇ ಇತ್ತು. ಅವರು ಮಿಸಿಸಿಪ್ಪಿ ತಾನೇ ಹೂಳು ತಂದು ಎತ್ತರಿಸಿದ ದಂಡೆಯನ್ನು ಆರಿಸಿಕೊಂಡಿದ್ದರು. ಮುಂದೆ ಬಂದವರಿಗೆ ಉಳಿದದ್ದು ತಗ್ಗು. ಆಮೇಲೆ ಪ್ರವಾಸಿಗರನ್ನು ತುಂಬಿಕೊಂಡ ಬಸ್ಸುಗಳು ಹಾಳುಬಿದ್ದ ಓಣಿಗಳನ್ನು ತೋರಿಸಲು ಬರತೊಡಗಿದಾಗ ಅಲ್ಲಿನವರು ಸಿಟ್ಟಿಗೆದ್ದರು. ನೋಡಲು ಬಂದರೆಂದಲ್ಲ, ಗಾಜಿನ ಹಿಂದೆ ಕೂತು, ಇಳಿಯದೆ, ಮಾತಾಡದೆ ನೋಡಿ ಹೋದರೆಂದು. ಹತ್ತಿರದ ಹೈದರಾಬಾದಿನದೂ ಇಂಥದೇ ಕತೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ನಗರಕ್ಕೆ ನುಗ್ಗಿ ಸಾವಿರಾರು ಜನರನ್ನು ಕೊಂದಿತು. ಆ ಮಳೆಯೂ ಬಂಗಾಳ ಕೊಲ್ಲಿಯದೇ. ಮರುವರ್ಷ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರು ಎಲ್ಲಿ ತಗ್ಗು, ನೀರು ಎಲ್ಲಿ ನಿಂತೀತು ಎಂಬ ಲೆಕ್ಕದಿಂದ ಹೊರಟು, ಮೇಲುಗಡೆ ನೀರು ತಡೆಯುವ ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ.

ಹಾಗಾದರೆ ಎತ್ತರಕ್ಕೆ ಹೋದರಾಯಿತಲ್ಲ ಎಂದು ಓದುಗರು ಕೇಳಬಹುದು. ಸರ್ಕಾರವೂ ಹಾಗೆಯೇ ಯೋಚಿಸಿತು. 2009ರ ಸೆಪ್ಟೆಂಬರ್ ಕೊನೆಗೆ ಹೀಗೇ ಕೊಲ್ಲಿಯ ಮಳೆ ಬಂದು ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ, ‘ಆಸರೆ’ ಎಂಬ ಹೆಸರಿನಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿದರು. ನೆಟ್ಟಗಿನ ರಸ್ತೆ, ಒಂದೇ ಅಳತೆಯ ಮನೆ, ಬಾಗಿಲ ಮೇಲೆ ನಂಬರು. ಎಷ್ಟೋ ಕಡೆ ಜನ ಹೋಗಲಿಲ್ಲ. ಹೋದವರು ತಿರುಗಿ ಬಂದರು. ಇದನ್ನು ಹಳ್ಳಿಯವರ ಹಟ ಎನ್ನುವವರುಂಟು. ನಾನೊಂದು ಅಂಥ ಮನೆಯೊಳಗೆ ಹೊಕ್ಕು ನೋಡಿದೆ. ಇಬ್ಬರು ಮಲಗಬಹುದು, ಒಬ್ಬರು ಕೂರಬಹುದು, ಎತ್ತು ನಿಲ್ಲಲು ಜಾಗವಿಲ್ಲ. ಎತ್ತನ್ನು ಹೊರಗೆ ಕಟ್ಟಿ ಒಳಗೆ ಮಲಗಿದರೆ ರೈತನಿಗೆ ನಿದ್ದೆ ಬರುವುದಿಲ್ಲ. ಹೊಲ ಹೊಳೆಯ ಮಗ್ಗುಲಿಗಿದೆ, ಪಂಪ್‌ಸೆಟ್ಟು ಅಲ್ಲಿದೆ, ಕಬ್ಬು ಅಲ್ಲಿದೆ. ದಿನಾ ಬೆಳಗ್ಗೆ ಅಷ್ಟು ದೂರ ಇಳಿದು ಸಂಜೆ ಅಷ್ಟು ದೂರ ಹತ್ತುವವನು ಹತ್ತು ವರ್ಷಕ್ಕೊಮ್ಮೆ ಬರುವ ನೀರಿಗೆ ಹೆದರಿ ಎಷ್ಟು ದಿನ ಹತ್ತಿಯಾನು? ದೇವರಿಗೆ ಹೊಲವಿಲ್ಲ; ಎತ್ತರದಲ್ಲಿದ್ದರೂ ನಡೆಯುತ್ತದೆ.

ತಾಳಿಕೋಟಿಯ ಕತೆ ಇನ್ನೊಂದು ಬಗೆ. ಅಲ್ಲಿ ಹರಿಯುವುದು ಡೋಣಿ. ಮಹಾರಾಷ್ಟ್ರದ ಜತ್ತದ ಕಡೆ ಹುಟ್ಟಿ, ಜಿಲ್ಲೆಯನ್ನು ಅಡ್ಡಲಾಗಿ ಹಾದು ಕೃಷ್ಣೆಗೆ ಸೇರುವ ಈ ಹೊಳೆಯ ನೀರು ಉಪ್ಪು, ಬಾಯಿಗೆ ಹಾಕಲಾಗದು. ಪಾತ್ರದಲ್ಲಿ ಹೂಳು ತುಂಬಿದ್ದರಿಂದ ನಾಲ್ಕು ಮಳೆಗೆ ಹೊಲಗಳ ಮೇಲೆ ಹರಡಿಬಿಡುತ್ತದೆ. ಆದರೂ ಡೋಣಿಸಾಲಿನ ಜೋಳಕ್ಕೆ ಸಾಟಿಯಿಲ್ಲವೆಂದು, ಡೋಣಿ ಬೆಳೆದರೆ ಓಣಿಯೆಲ್ಲ ಕಾಳೆಂದು ಗಾದೆಯೇ ಇದೆ. ಹಡಗಿನಾಳಕ್ಕೆ ಹೋಗುವ ತಗ್ಗು ಸೇತುವೆ ಮಳೆ ಜೋರಾದಾಗಲೆಲ್ಲ ಮುಳುಗುತ್ತದೆ. ಆಗ ಎರಡೂ ದಂಡೆಯಲ್ಲಿ ಜನ ನಿಂತು ನೀರಿಳಿಯುವುದನ್ನು ಕಾಯುತ್ತಾರೆ. ಅಲ್ಲೊಂದು ಸಭೆಯೇ ಕೂಡುತ್ತದೆ: ಮೋಟರ್‌ಸೈಕಲ್ ಆರಿಸಿ ನಿಂತವರು, ಸಂತೆಯ ಚೀಲ ಇಳಿಸಿದ ಹೆಂಗಸರು, ಈಗ ದಾಟಬಹುದು ಎನ್ನುವ ಹುಡುಗರು, ಇನ್ನೂ ಒಂದು ತಾಸು ತಡೀರಿ ಎನ್ನುವ ಮುದುಕರು. “ಆ ಕಲ್ಲಿನ ನೆತ್ತಿ ಕಾಣ್ಲಿ ತಮ್ಮಾ, ಆಮ್ಯಾಲ ಕಾಲಿಡು. ನೆತ್ತಿ ಕಾಣೂತನಕ ನೀರು ಎದಿಮಟ್ಟ ಐತಿ ಅಂತ ತಿಳ್ಕೊ.” ಆ ಕಲ್ಲಿಗೆ ಹೆಸರಿಲ್ಲ, ಪುರಾತತ್ವ ಇಲಾಖೆಯ ಫಲಕವಿಲ್ಲ. ಆದರೆ ಅದನ್ನು ಓದಬಲ್ಲವರು ಓದಿ ಪ್ರಾಣ ಉಳಿಸಿಕೊಳ್ಳುತ್ತಾರೆ.

ತಾಳಿಕೋಟಿಗೆ ಕಾಳಗ ನೋಡಲು ಬರುವವರಿಗೆ ನಿರಾಸೆಯಾಗುತ್ತದೆ. 1564ರ ಡಿಸೆಂಬರ್ ಕೊನೆಯಲ್ಲಿ ಸುಲ್ತಾನರ ಪಡೆಗಳು ಬೀಡುಬಿಟ್ಟದ್ದು ಇಲ್ಲಿ. 1565ರ ಜನವರಿ 23ರ ಕಾಳಗ ನಡೆದದ್ದು ದೂರದಲ್ಲಿ, ಕೃಷ್ಣೆಯಾಚೆ. ಆ ಕಾಳಗಕ್ಕೆ ರಕ್ಕಸಗಿ-ತಂಗಡಗಿ ಎಂಬ ಜೋಡಿ ಹೆಸರೂ ಇದೆ. ಚರಿತ್ರಕಾರ ಫೆರಿಸ್ತಾ ಹೇಳುವಂತೆ, ನದಿ ದಾಟುವ ಕಡವನ್ನು ವಿಜಯನಗರದ ರಾಮರಾಯನ ಪಡೆ ಆಚೆ ದಂಡೆಯಲ್ಲಿ ಗಟ್ಟಿಯಾಗಿ ಕಾಯುತ್ತಿತ್ತು. ಸುಲ್ತಾನರು ಬೇರೆ ಕಡ ಹುಡುಕುವವರಂತೆ ಮೂರು ದಿನ ದಂಡೆಗುಂಟ ನಡೆದರು; ಆಚೆಯವರೂ ಸಮಸಮನಾಗಿ ನಡೆದರು. ಆಮೇಲೆ ಸುಲ್ತಾನರು ರಾತ್ರೋರಾತ್ರಿ ತಿರುಗಿ ಬಂದು ಬಿಟ್ಟುಹೋದ ಕಡದಲ್ಲೇ ದಾಟಿದರು. ಒಂದು ಸಾಮ್ರಾಜ್ಯದ ಹಣೆಬರಹ ಕೃಷ್ಣೆ ಎಲ್ಲಿ ಮೊಣಕಾಲುದ್ದ, ಎಲ್ಲಿ ಆಳುದ್ದ ಎಂಬುದರ ಮೇಲೆ ನಿಂತಿತ್ತು. ಅದನ್ನು ಸುಲ್ತಾನರಿಗೆ ತೋರಿಸಿಕೊಟ್ಟವನು ಯಾವ ಅಂಬಿಗನೋ, ಯಾವ ಕುರಿ ಕಾಯುವವನೋ! ಡೋಣಿಯ ಸೇತುವೆಯ ಬಳಿ ಕಲ್ಲಿನ ನೆತ್ತಿ ತೋರಿಸಿದ ಮುದುಕನ ಪೂರ್ವಿಕನೇ ಇರಬೇಕು ಎಂದು ನನ್ನ ಗುಮಾನಿ. ತಂಗಡಗಿಗೆ ಈಗ ಹೋದರೆ ಕಾಳಗದ ಸುಳಿವಿಲ್ಲ. ಊರವರು ತೋರಿಸುವುದು ನೀಲಾಂಬಿಕೆಯ ಐಕ್ಯಸ್ಥಳವನ್ನು, ಕೃಷ್ಣೆಯನ್ನು.

ವಾಪಸು ಬರುವಾಗ ಬಸವನ ಬಾಗೇವಾಡಿ ಬಂತು. ಈ ಊರಿಗೆ ಬಂದ ಲೇಖಕನ ಬಾಯಿಗೆ ಸ್ಥಾವರ, ಜಂಗಮ ಎಂಬೆರಡು ಶಬ್ದಗಳು ತಾವಾಗಿಯೇ ಬರುತ್ತವೆ. ಭೀಮಾ ದಂಡೆಯಿಂದ ನೇರ ಬಂದವನಿಗೆ ಬಾರದಿದ್ದರೇ ವಾಸಿ. ಗೋಡೆ ಕಳೆದುಕೊಂಡವರ ಎದುರು ಸ್ಥಾವರಕ್ಕೆ ಅಳಿವುಂಟೆಂದು ಸಾರಲು ಬಸವಣ್ಣನ ಎದೆಗಾರಿಕೆಯೇ ಬೇಕು. ಬಸವಣ್ಣನ ಹೆಸರಿಗೆ ತಕ್ಕದ್ದು ನನಗೆ ಬೇರೆಡೆ ಕಂಡಿತು. ನಮ್ಮ ಸೀಮೆಯಲ್ಲಿ ಯಾವ ಹೊಳೆ ಉಕ್ಕಿದರೂ ಉಕ್ಕದ ಕಡೆಯ ಹೆಂಗಸರು ರೊಟ್ಟಿ ಬಡಿಯಲು ಕೂರುತ್ತಾರೆ. 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಒಟ್ಟಿಗೆ ಬಂದಾಗ ಮನೆಮನೆಯಿಂದ, ಮಠಗಳಿಂದ ಹೋದ ಖಡಕ್ ರೊಟ್ಟಿಯ ಗಂಟುಗಳಿಗೆ ಲೆಕ್ಕವಿಲ್ಲ. ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಡ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಊಟವೇ ಆಯಿತು. ಬರಗಾಲಕ್ಕೆಂದು ಕಲಿತ ಅಡುಗೆ ನೆರೆಗೆ ಒದಗಿತು. ನೆನೆದ ಕಾಗದಕ್ಕೂ ಕುಸಿದ ಗೋಡೆಗೂ ಮೊದಲು ಬೇಕಾದದ್ದು ಅದು.

ಇದೆಲ್ಲ ಆಗಿ ವರ್ಷಗಳಾದವು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಬಂದಳು, ಈ ಸಲ ಸೊಲ್ಲಾಪುರದ ಸೀನಾ ನದಿಯನ್ನೂ ಕರೆದುಕೊಂಡು. ಮತ್ತೆ ಅದೇ ಗಂಜಿ ಕೇಂದ್ರ, ಅದೇ ಪಂಚನಾಮೆ. ನಾಳೆ ಮತ್ತೆ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಜಪಾನಿನ ಈಶಾನ್ಯ ಕರಾವಳಿಯಲ್ಲಿ ಅನೆಯೋಶಿ ಎಂಬ ಪುಟ್ಟ ಊರಿದೆ. 1933ರ ಸುನಾಮಿಯಲ್ಲಿ ಊರು ಅಳಿದ ಮೇಲೆ ಉಳಿದವರು ಗುಡ್ಡದ ದಾರಿಯಲ್ಲಿ ಒಂದು ಕಲ್ಲು ನಿಲ್ಲಿಸಿ, ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿಸಿದರು. ಅವರ ಮಕ್ಕಳು, ಮೊಮ್ಮಕ್ಕಳು ಅದನ್ನು ಮೀರಲಿಲ್ಲ. 2011ರಲ್ಲಿ ಅದಕ್ಕಿಂತ ದೊಡ್ಡ ಅಲೆ ಬಂದು ಆ ಕಲ್ಲಿಗಿಂತ ಸುಮಾರು ನೂರು ಮೀಟರ್ ಕೆಳಗೇ ನಿಂತಿತು.

ಕಲ್ಲು ಕೆತ್ತುವುದನ್ನು ನಮಗೆ ಜಪಾನಿನವರು ಕಲಿಸಬೇಕಾಗಿಲ್ಲ. ಮದುವೆಗೆ ಐದು ನಾಣ್ಯ ಕೊಡಬೇಕೆಂಬುದನ್ನು ಕಲ್ಲಿನಲ್ಲಿ ಬರೆಸಿ ಸಾವಿರ ವರ್ಷ ಉಳಿಸಿದ ಸೀಮೆ ಇದು. ಶಾಸನ ಬರೆಸಿದವರಿಗೆ ಊರಿಗೆ ಬೇಕಾದ್ದನ್ನು ಕಾಗದಕ್ಕೆ ನಂಬಿ ಬಿಡಬಾರದೆಂದು ಗೊತ್ತಿತ್ತು. ನೀರಿನ ಮಟ್ಟ ಈಗ ಇರುವುದು ಮುದುಕರ ತಲೆಯಲ್ಲಿ: ಎರಡು ಸಾವಿರದ ಒಂಬತ್ತರಲ್ಲಿ ಹನುಮಪ್ಪನ ಗುಡಿಯ ಮೆಟ್ಟಿಲು, ಇಪ್ಪತ್ತರಲ್ಲಿ ಬಾಗಿಲು. ಅವರು ಹೋದರೆ ಅದೂ ಹೋಗುತ್ತದೆ. ಮುಂದಿನವರು ಸುಣ್ಣ ಬಳಿದು ಗೆರೆ ಅಳಿಸುತ್ತಾರೆ. ಪ್ರತಿ ಊರಿನ ಗುಡಿಯ ಕಟ್ಟೆಗೆ ಒಂದು ಗೆರೆ, ಒಂದು ಇಸವಿ ಕೆತ್ತಿಸಲು ಕಲ್ಲುಕುಟಿಗನಿಗೆ ಒಂದು ಹೊತ್ತು ಸಾಕು. ಅಲ್ಲಿಗೆ ಮಟ್ಟ ಗೊತ್ತಾಗುತ್ತದೆ: ಬೀಜದ ಚೀಲ, ಮಾರ್ಕ್ಸ್ ಕಾರ್ಡು, ಹೊಲದ ಉತಾರಿ ಯಾವ ಎತ್ತರದ ಗೂಡಿನಲ್ಲಿಡಬೇಕು, ಹೊಸ ಶಾಲೆಗೆ ಎಲ್ಲಿ ಬುನಾದಿ ಹಾಕಬೇಕು. ಎತ್ತರಕ್ಕೆ ಹೋಗಿ ವಾಸಿಸಲಾಗದವನಿಗೂ ಎತ್ತರ ಎಲ್ಲಿದೆ ಎಂದು ಗೊತ್ತಿದ್ದರೆ ರಾತ್ರಿ ಓಡಲು ಬಂದೀತು.

ಆದ್ದರಿಂದ ಹಳೆಯ ಊರು ನೋಡುವ ಚಟವಿರುವವರು ಈ ಕಡೆ ಬರಲಿ, ನೆರೆ ಇಳಿದ ಮೇಲೆಯೂ ಬರಲಿ. ಸಂಕೋಚ ಬೇಡ; ನೋಡಲು ಬಂದವರ ಮೇಲೆ ಇಲ್ಲಿ ಯಾರಿಗೂ ಸಿಟ್ಟಿಲ್ಲ. ಗಾಡಿಯಿಂದ ಇಳಿದು ನಡೆಯಬೇಕು, ಅಷ್ಟೇ. ಶಾಸನ ಓದಲು ಬಾರದಿದ್ದರೆ ಚಿಂತೆಯಿಲ್ಲ. ಕಟ್ಟೆಯ ಮೇಲೆ ಕೂತವರನ್ನು ನೀರು ಎಲ್ಲೀತನಕ ಬಂದಿತ್ತು ಎಂದು ಕೇಳಿ. ಒಬ್ಬ ಒಂದು ಗೋಡೆ ತೋರಿಸುತ್ತಾನೆ, ಇನ್ನೊಬ್ಬ ಅಲ್ಲ ಇಲ್ಲಿ ಎಂದು ಜಗಳಕ್ಕೆ ಬೀಳುತ್ತಾನೆ, ಮೂರನೆಯವಳು ಸೀರೆಯ ಸೆರಗು ಎಷ್ಟು ನೆನೆದಿತ್ತೆಂದು ಹೇಳಿ ಇಬ್ಬರನ್ನೂ ಸುಮ್ಮನಾಗಿಸುತ್ತಾಳೆ. ಅವಳು ಹೇಳಿದ್ದನ್ನು ಬರೆದುಕೊಳ್ಳಿ. ಕೈಯಲ್ಲೊಂದು ಮೊಳೆಯಿದ್ದರೆ ಅವರೆದುರೇ ಗೋಡೆಯ ಮೇಲೆ ಗೀರಿ ಇಸವಿ ಹಾಕಿ.